ಸುಮ್ಮನೆ ಕೂಡ್ರಲು ಅರ್ಧ ತಾಸು

ಸಿಟ್ಟಿನ ಮನುಷ್ಯ ಸಮಾಧಾನ ಹುಡುಕಿಕೊಂಡು ಹೊರಟರೆ ದಾರಿಯಲ್ಲಿ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ನನಗೆ ಇದು ಒಂದು ಸಲ ಆದದ್ದಲ್ಲ, ಒಂದು ವರ್ಷ ಪೂರ್ತಿ ಆದದ್ದು.

ಆಗ ನಾನು ಬೈಲಹೊಂಗಲದ ಒಂದು ಹತ್ತಿ ಗಿರಣಿಯಲ್ಲಿ ಹಮಾಲ. ಎಪ್ಪತ್ತರ ದಶಕದ ನಡುವಿನ ಮಾತು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು, ಕಾಯ್ದೆ ಓದಿದ್ದು ಚುರುಮುರಿ ಕಟ್ಟಿಕೊಟ್ಟ ಕಾಗದದಲ್ಲಿ. ಕೆಲಸಗಾರರಿಗೆ ನಡುವೆ ಅರ್ಧ ತಾಸು ಬಿಡುವು ಕೊಡಬೇಕೆಂದು ಅದರಲ್ಲಿ ಅಚ್ಚಾಗಿತ್ತು. ನಮ್ಮ ಗಿರಣಿಯ ಯಂತ್ರ ಬೆಳಗ್ಗೆ ಎಂಟಕ್ಕೆ ಚಾಲೂ ಆದರೆ ನಿಲ್ಲುವುದು ಸಂಜೆ ಆರಕ್ಕೆ. ಹೆಣ್ಣುಮಕ್ಕಳು ಒಂದು ಕೈಯಲ್ಲಿ ರೊಟ್ಟಿ ಹಿಡಿದು ಇನ್ನೊಂದು ಕೈಯಿಂದ ಯಂತ್ರಕ್ಕೆ ಹತ್ತಿ ಉಣಿಸಬೇಕು. ಹಾಗೆ ಉಣಿಸುತ್ತ ನಿಂತಲ್ಲೇ ತೂಕಡಿಸಿದ ಒಬ್ಬ ಮುದುಕಿಯ ಎರಡು ಬೆರಳು ಹೋದವು. ಅವಳನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. "ಎಚ್ಚರ ಇರಬೇಕಿತ್ತು" ಎಂದ ಮಾಲಕ. ಅವತ್ತು ಕಾದ ನನ್ನ ತಲೆ ಆಮೇಲೆ ಆರಲಿಲ್ಲ. ನಡುಹಗಲಿಗೆ ಅರ್ಧ ತಾಸು ಯಂತ್ರ ನಿಲ್ಲಬೇಕು. ನಮ್ಮ ಬೇಡಿಕೆ ಇಷ್ಟೇ.

೧. ಡಾಕ್ಟರರ ಮುಂದೆ

ಕಣ್ಣು ಕತ್ತಲೆ ಬರತೊಡಗಿದಾಗ ಆಯಿಯೇ ನನ್ನನ್ನು ಡಾಕ್ಟರರ ಕಡೆ ಎಳೆದುಕೊಂಡು ಹೋದಳು. ಅವರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಹುಬ್ಬು ಏರಿಸಿದರು. ರಕ್ತದೊತ್ತಡ ಬಹಳ ಏರಿದೆ, ದಿನಕ್ಕೆ ಹದಿನೈದು ಮಿನಿಟು ಕಣ್ಣು ಮುಚ್ಚಿ ಸುಮ್ಮನೆ ಕೂಡ್ರಬೇಕು, ಯಾರ ಜೊತೆಗೂ ಜಗಳ ಬೇಡ ಎಂದರು.

ಆಗಲಿ ಎಂದು ಹೇಳಿ ಎದ್ದೆ. ಬಾಗಿಲ ಹೊರಗೆ ನೋಡಿದರೆ ಬೂಟು ಹಾಕಿದವರು ಬೆಂಚಿನ ಮೇಲೆ, ಕಂಬಳಿ ಹೊದ್ದವರು ನೆಲದ ಮೇಲೆ. ಕಂಪೌಂಡರ ಒಬ್ಬ ಬಸುರಿಯನ್ನು ಎಬ್ಬಿಸಿ ಬೂಟಿನವನಿಗೆ ಜಾಗ ಮಾಡಿಕೊಡುತ್ತಿದ್ದ. ನಾನು ಅಲ್ಲೇ ಶುರು ಮಾಡಿದೆ. ಕಂಪೌಂಡರನಿಗೆ ಹೇಳಿದೆ, ಬೂಟಿನವನಿಗೆ ಹೇಳಿದೆ, ತಿರುಗಿ ಒಳಗೆ ಹೋಗಿ ಡಾಕ್ಟರರಿಗೂ ಹೇಳಿದೆ. ಕಾಲು ತಾಸಿನಲ್ಲಿ ಬಸುರಿ ಬೆಂಚಿನ ಮೇಲೆ ಕುಳಿತಿದ್ದಳು.

ಡಾಕ್ಟರರು ಹಣೆ ಒರೆಸಿಕೊಂಡು, ನನ್ನ ತೋಳಿಗೆ ಸುತ್ತಿದ್ದ ಪಟ್ಟಿಯನ್ನು ತಮ್ಮ ತೋಳಿಗೆ ಸುತ್ತತೊಡಗಿದರು. "ನಿಮಗ ಹದಿನೈದು ಮಿನಿಟು ಸಾಕ್ರಿ. ನನಗ ಇವತ್ತು ಒಂದು ದಿನ ಬೇಕು" ಎಂದರು.

೨. ಸವದತ್ತಿಯಲ್ಲಿ ಮೈಮೇಲೆ ಬಂದದ್ದು

ನಮ್ಮ ಅರ್ಜಿ ಕೊಡಬೇಕಾದದ್ದು ಗಿರಣಿಗಳ ತಪಾಸಣೆ ಮಾಡುವ ಸಾಹೇಬರಿಗೆ. ಅವರು ಒಂದು ಕಡೆ ನಿಲ್ಲುವವರಲ್ಲ, ಊರೂರಿಗೆ ಕ್ಯಾಂಪು ಹೋಗುವವರು. ಕಿತ್ತೂರಿಗೆ ಹೋದರೆ ಸವದತ್ತಿಗೆ ಹೋದರು ಎಂದರು. ಸವದತ್ತಿಗೆ ಹೋದರೆ ರಾಮದುರ್ಗಕ್ಕೆ ಎಂದರು. ರಾಮದುರ್ಗದ ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ತಲೆ ಸಿಡಿಯುತ್ತಿತ್ತು. ಡಾಕ್ಟರರ ಮಾತು ನೆನೆದು ಬೇವಿನ ಗಿಡದ ಬುಡಕ್ಕೆ ಕಣ್ಣು ಮುಚ್ಚಿ ಕುಳಿತೆ.

ನಾನು ಬಂದ ಬಸ್ಸಿನ ತುಂಬ ದೇವಿಯ ಗುಡ್ಡಕ್ಕೆ ಹೊರಟ ಭಕ್ತರು. ಅವರ ಭಂಡಾರದ ಅರಿಷಿಣವೆಲ್ಲ ನನ್ನ ತಲೆ, ಹಣೆಯ ಮೇಲೆ ಬಿದ್ದಿದ್ದು ನನಗೆ ಗೊತ್ತಿರಲಿಲ್ಲ. ಸಿಟ್ಟಿಗೆ ಮೈ ಬೇರೆ ನಡುಗುತ್ತಿತ್ತು. ಕಣ್ಣು ತೆರೆದಾಗ ಮುಂದೆ ಐದು ಬಾಳೆಹಣ್ಣು, ಎರಡು ಕಾಯಿ, ಕೈಮುಗಿದ ಮಂದಿ. ಮನೋಳಿ ಕಡೆಯ ಒಬ್ಬ ಹೆಣ್ಣುಮಗಳು ತನ್ನ ಎಮ್ಮೆ ಕಳೆದು ಮೂರು ದಿನ ಆಯಿತು, ಎಲ್ಲಿದೆ ಹೇಳಬೇಕು ಎಂದು ಕೇಳಿದಳು.

ನಮ್ಮದು ಬೌದ್ಧರ ಮನೆ. ಮೈಮೇಲೆ ದೇವರು ಬರುವ ವ್ಯವಹಾರವನ್ನು ನಮ್ಮಪ್ಪನೇ ಬಿಟ್ಟಿದ್ದ. ನನ್ನ ಮೈಮೇಲೆ ಯಾರೂ ಬಂದಿಲ್ಲ, ಬುದ್ಧಿ ಇಲ್ಲದವರ ಹಾಗೆ ಕೂಡ್ರಬೇಡಿ, ಎದ್ದು ಹೋಗಿ ಎಂದು ಒದರಿದೆ. ಒದರಿದಷ್ಟೂ ಮಂದಿ ಕೂಡಿದರು. ಕಡೆಗೆ ಆ ಹೆಣ್ಣುಮಗಳಿಗೆ, "ನನ್ನ ಯಾಕ ಕೇಳತೀಬೇ, ಹೋಗಿ ಪೊಲೀಸರನ್ನ ಕೇಳು" ಎಂದೆ. ಅವಳು ನನ್ನ ಕಾಲಿಗೆ ಬಿದ್ದು ಓಡಿದಳು.

ಎಮ್ಮೆ ಠಾಣೆಯ ಹಿಂದೆಯೇ ಕಟ್ಟಿತ್ತಂತೆ. ಬಸ್ಸು ಹೊರಡುವ ಹೊತ್ತಿಗೆ ಇನ್ನೂ ಮೂವರು ಎಮ್ಮೆ ಕಳೆದುಕೊಂಡವರು ಕಿಟಕಿ ಹಿಡಿದು ಓಡಿಬರುತ್ತಿದ್ದರು.

೩. ರಾಮದುರ್ಗದ ಗಲ್ಲ

ರಾಮದುರ್ಗದ ಬಂಗಲೆಯಲ್ಲಿ ಸಾಹೇಬರು ಸಿಕ್ಕರು. ಅಂದರೆ ಅವರ ಗೊರಕೆ ಸಿಕ್ಕಿತು. ಊಟವಾಗಿ ಈಗಷ್ಟೇ ಮಲಗಿದ್ದಾರೆ, ವಿಶ್ರಾಂತಿಯ ಹೊತ್ತಿನಲ್ಲಿ ಎಬ್ಬಿಸಿದರೆ ಸಿಟ್ಟಿಗೇಳುತ್ತಾರೆ ಎಂದು ಶಿಪಾಯಿ ತಡೆದ. ಕೈಯಲ್ಲಿ ವಿಶ್ರಾಂತಿಯ ಅರ್ಜಿ ಹಿಡಿದು ಬಿಸಿಲಿನ ಕಟ್ಟೆಯ ಮೇಲೆ ಎರಡೂವರೆ ತಾಸು ಕುಳಿತೆ. ಹಲ್ಲು ಕಡಿದ ಸಪ್ಪಳ ನನಗೇ ಕೇಳುತ್ತಿತ್ತು.

ಸಾಹೇಬರು ಎದ್ದು ಚಹ ಕುಡಿದು ಅರ್ಜಿ ಓದಿದರು. ಎಡ ಗಲ್ಲದ ಮೇಲೆ ದಿಂಬಿನ ನಿರಿಗೆ ಹಾಗೇ ಮೂಡಿತ್ತು.

"ನಡುಹಗಲಿ ಅರ್ಧ ತಾಸು ಬಿಡುವು ಅಂದ್ರ ಅದಕ್ಕೊಂದು ಕಾರಣ ಬೇಕಲ್ಲಪ್ಪಾ?"

"ಕಾರಣ ನಿಮ್ಮ ಗಲ್ಲದ ಮ್ಯಾಲ ಐತಲ್ರೀ ಸಾಹೇಬ್ರ" ಎಂದೆ.

ಸಾಹೇಬರ ಕೈ ತಾನಾಗಿಯೇ ಗಲ್ಲಕ್ಕೆ ಹೋಯಿತು. ಶಿಪಾಯಿ ಗೋಡೆಯ ಕಡೆ ಮುಖ ಮಾಡಿ ನಿಂತ. ಬರುವ ಗುರುವಾರ ಗಿರಣಿಗೆ ಬಂದು ನೋಡುತ್ತೇನೆ ಎಂದು ಅವರು ಅಲ್ಲೇ ಬರೆದುಕೊಟ್ಟರು.

ಗುರುವಾರದ ಸುದ್ದಿ ನಾನು ಊರು ಸೇರುವ ಮೊದಲೇ ಮಾಲಕನಿಗೆ ಮುಟ್ಟಿತ್ತು. ಅವತ್ತು ಯಂತ್ರ ದುರಸ್ತಿ ಎಂದು ನಮ್ಮೆಲ್ಲರನ್ನೂ ಬಾಗಿಲಿನಿಂದಲೇ ಮನೆಗೆ ಕಳಿಸಿದ. ಪಗಾರವೂ ಇಲ್ಲ. ಸಾಹೇಬರು ಬಂದು ನೋಡಿದರೆ ಒಂದು ನಾಯಿ ಹತ್ತಿಯ ರಾಶಿಯ ಮೇಲೆ ಮಲಗಿತ್ತು. ಇಲ್ಲಿ ಸಾಕಷ್ಟು ವಿಶ್ರಾಂತಿ ದೊರೆಯುತ್ತಿದೆ ಎಂದು ಷರಾ ಬರೆದು ಹೋದರು.

೪. ತಣ್ಣನೆಯ ಕೋಣೆ

ಮರುದಿನ ಕೆಲಸ ಬಿಟ್ಟು ಗಿರಣಿಯ ಬಾಗಿಲಿಗೆ ಅಡ್ಡ ಕುಳಿತೆವು. ಹತ್ತಿಯ ಚಕ್ಕಡಿಗಳು ನೇಸರಗಿ ರಸ್ತೆಗುಂಟ ಸಾಲು ನಿಂತವು. ಐದನೆಯ ದಿನ ಫೌಜದಾರರು ಬಂದು ರಸ್ತೆ ತಡೆದಿದ್ದಕ್ಕೆ ನನ್ನೊಬ್ಬನನ್ನು ಎತ್ತಿ ಒಳಗೆ ಹಾಕಿದರು.

ಸತ್ಯ ಹೇಳುತ್ತೇನೆ. ಆ ಕೋಣೆಯಲ್ಲಿ ಕಲ್ಲಿನ ನೆಲ ತಣ್ಣಗಿತ್ತು. ಯಂತ್ರದ ಸಪ್ಪಳವಿಲ್ಲ, ಭಾಷಣವಿಲ್ಲ, ಏನು ಮಾಡೋಣ ಎಂದು ಕೇಳುವವರಿಲ್ಲ. ಒಂದು ವರ್ಷದಲ್ಲಿ ಮೊದಲ ಸಲ ನನಗೆ ಕಣ್ಣು ಹತ್ತಿತು. ಮಧ್ಯಾಹ್ನ ಆಯಿ ನಾಲ್ಕು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಜಾಮೀನಿಗೆ ಒಬ್ಬ ಹಿರಿಯರನ್ನೂ ಕರೆದುಕೊಂಡು ಬಂದಳು. ಫೌಜದಾರರು ಬಾಗಿಲು ತೆಗೆದರು. ನಿದ್ದೆಗಣ್ಣಿನಲ್ಲಿ ನಾನು, ಸಂಜೆಗೆ ಬಂದರೆ ಆಗುವುದಿಲ್ಲವೇ ಎಂದು ಕೇಳಿಬಿಟ್ಟೆ.

ಆಯಿ ಸರಳು ಹಿಡಿದು ನನ್ನನ್ನೇ ನೋಡಿದಳು. "ನಾವು ಬಿಸಲಾಗ ಸುಡಾಕತ್ತೇವಿ, ನೀ ನೆಳ್ಳಾಗ ಮಲಗಿಯಲ್ಲೋ ತಮ್ಮಾ. ಸರಿ, ಇವತ್ತ ನೀ ಹೊರಗ ಕೂಡ್ರು, ನಾವು ಒಳಗ ಮಲಗತೇವಿ." ಹಾಗೆಂದವಳೇ ನಾಲ್ವರನ್ನೂ ಒಳಗೆ ನುಗ್ಗಿಸಿ, ತಾನೂ ನೆಲದ ಮೇಲೆ ಸೆರಗು ಹಾಸಿಬಿಟ್ಟಳು.

ಅವರನ್ನು ಎಬ್ಬಿಸಿ ಹೊರಗೆ ಕಳಿಸಲು ಫೌಜದಾರರಿಗೆ ಸಂಜೆಯೇ ಆಯಿತು.

೫. ಯಂತ್ರ ನಿಂತಿತು

ಒಂಬತ್ತನೆಯ ದಿನ ಚಕ್ಕಡಿಯವರು ಬೇರೆ ಗಿರಣಿಯ ದಾರಿ ಹಿಡಿದರು. ಮಾಲಕ ಮಣಿದ. ಹನ್ನೆರಡೂವರೆಯಿಂದ ಒಂದರವರೆಗೆ ಯಂತ್ರ ಬಂದ್. ಆದರೆ ಒಂದು ಮಾತು ಕಾಗದದಲ್ಲಿ ಸೇರಿಸಿದ: ಕೆಲಸಗಾರರೇ ಬಿಡುವು ಬೇಡವೆಂದು ಯಂತ್ರ ಚಾಲೂ ಮಾಡಿಸಿದರೆ ಒಪ್ಪಂದ ಅಲ್ಲಿಗೇ ಮುಗಿಯಿತು. ಬಿಡುವು ಬೇಡ ಅನ್ನುವ ಹುಚ್ಚರು ಯಾರಿದ್ದಾರೆ ಎಂದು ನಗುತ್ತಲೇ ಸಹಿ ಮಾಡಿದೆ.

ಮೊದಲ ದಿನ ಹನ್ನೆರಡೂವರೆಗೆ ಯಂತ್ರದ ಪಟ್ಟೆ ಕಳಚಿತು, ಗಾಲಿ ನಿಂತಿತು. ಆ ಅಂಗಳದಲ್ಲಿ ಕಾಗೆ ಕೂಗುತ್ತದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಆಯಿ ಗೋಡೆಗೆ ಬೆನ್ನು ಕೊಟ್ಟು ಎರಡೂ ಕೈಯಿಂದ ರೊಟ್ಟಿ ಮುರಿದಳು. ನಾನೂ ಅವಳ ಪಕ್ಕ ಕುಳಿತೆ. ಕಣ್ಣು ಮುಚ್ಚಿದೆ.

ಆಗ ಗೋದಾಮಿನ ಹಿಂದೆ ಒಂದು ಕೂಸು ಚೀರಿತು. ಅಲ್ಲಿ ಹೆಣ್ಣುಮಕ್ಕಳು ಹಳೆಯ ಸೀರೆಯ ಜೋಳಿಗೆ ಕಟ್ಟಿ ಹನ್ನೊಂದು ಕೂಸುಗಳನ್ನು ಮಲಗಿಸಿದ್ದರು. ಹುಟ್ಟಿದಾಗಿನಿಂದ ಅವು ಆ ಯಂತ್ರದ ಗದ್ದಲದಲ್ಲೇ ನಿದ್ದೆ ಮಾಡಲು ಕಲಿತಿದ್ದವು. ಗದ್ದಲ ನಿಂತದ್ದೇ ಅವಕ್ಕೆ ಎಚ್ಚರವಾಯಿತು. ಒಂದರ ಹಿಂದೆ ಒಂದು, ಹನ್ನೊಂದೂ ಗಂಟಲು ಹರಕೊಂಡು ಅಳತೊಡಗಿದವು. ಮೊಲೆ ಕೊಟ್ಟರೂ ಇಲ್ಲ, ತೂಗಿದರೂ ಇಲ್ಲ, ಜೋಗುಳಕ್ಕೂ ಇಲ್ಲ. ರೊಟ್ಟಿಗಳೆಲ್ಲ ಅರ್ಧಕ್ಕೆ ಬಿದ್ದವು. ಒಬ್ಬಳು ನನ್ನ ಎದುರು ಬಂದು, "ಅಣ್ಣಾರ, ಹಾಳಾಗಿ ಹೋಗ್ಲಿ, ಚಾಲೂ ಮಾಡಿಸಿಬಿಡ್ರಿ" ಎಂದಳು.

ಅಷ್ಟರಲ್ಲಿ ನಮ್ಮ ಕೆಲಸದ ಮೇಲೆ ಕಣ್ಣಿಡುವ ಮುಕಾದಮ ನಗುತ್ತ ಬಂದು, ಯಂತ್ರ ಚಾಲೂ ಮಾಡಲೇ ಎಂದು ಮಾಲಕರು ಕೇಳಿದ್ದಾರೆ ಎಂದ. ಒಂದು 'ಹೂಂ' ಅಂದರೆ ಒಂದು ವರ್ಷದ ಹೊಡೆದಾಟ ನೀರಿನಲ್ಲಿ ಹೋಮ. ನಾನು ಆಯಿಯ ಕಡೆ ನೋಡಿದೆ.

"ಅವಕ್ಕ ಯಂತ್ರ ಬ್ಯಾಡೋ ತಮ್ಮಾ, ಗದ್ದಲ ಬೇಕು" ಎಂದಳು ಆಯಿ. "ನೀವು ಗಂಡಸರು ಅದೊಂದನ್ನ ಛಲೋ ಮಾಡತೀರಿ. ಮಾಡ್ರಿ."

ಇಪ್ಪತ್ತು ಹಮಾಲರು ಜೋಳಿಗೆಗಳ ಸುತ್ತ ನಿಂತೆವು. ಎಲ್ಲರಿಗೂ ಒಂದೇ ತಾಳದಲ್ಲಿ ಬರುತ್ತಿದ್ದದ್ದು ಒಂದೇ. ಅದನ್ನೇ ಶುರು ಮಾಡಿದೆವು, ಖಾಲಿ ಡಬ್ಬಿ ಬಡಿಯುತ್ತ, ಎದೆ ಬಿರಿಯುವಂತೆ: ಅರ್ಧ ತಾಸು ಬಿಡುವು, ಬೇಕೇ ಬೇಕು. ಬಿಸಿಲಿಗೆ ಬೆವರು ಇಳಿಯಿತು, ಗಂಟಲು ಹರಿಯಿತು. ಒಂದೊಂದಾಗಿ ಕೂಸುಗಳು ಕಣ್ಣು ಮುಚ್ಚಿದವು. ಹೆಣ್ಣುಮಕ್ಕಳು ಗೋಡೆಗೆ ಒರಗಿ ರೊಟ್ಟಿ ಎತ್ತಿಕೊಂಡರು.

ಮಾಲಕ ಬರಿತಲೆಯಲ್ಲಿ ಓಡಿ ಬಂದ. ಅರ್ಧ ತಾಸು ಕೊಟ್ಟಾಯಿತಲ್ಲ, ಕೊಟ್ಟ ಅರ್ಧ ತಾಸಿನಲ್ಲೇ ನಿಂತು ಅದನ್ನೇ ಯಾಕೆ ಬೇಡುತ್ತೀರಿ, ನಿಮಗೆ ಇನ್ನೇನು ಬೇಕು ಎಂದು ನಮ್ಮ ಗದ್ದಲದ ಮೇಲೆ ಒದರಿದ.

ಆಯಿ ತುಟಿಯ ಮೇಲೆ ಬೆರಳಿಟ್ಟಳು.

"ಮೆಲ್ಲಕ ಮಾತಾಡ್ರೀ ಮಾಲಕ್ರ. ಕೂಸು ಈಗಷ್ಟ ಮಲಗ್ಯಾವು."