ತೋಳದ ಸಿಗರೇಟಿಗೆ ಟವೆಲ್ ಅಡ್ಡ

ಆ ಹಾಳು ತೋಳಕ್ಕೆ ಸಿಗರೇಟು ಸೇದದೆ ಬದುಕಲು ಆಗುತ್ತಿರಲಿಲ್ಲವೇ? ಚಿತ್ತಾಪುರದ ದೇವಾನಂದನ ಸಂಕಟ ಅದೇ. ಆರು ವರ್ಷದ ಮಗಳು ಲುಂಬಿನಿ ದಿನಾ ನೋಡುವ ಹಳೇ ಕಾರ್ಟೂನಿನಲ್ಲಿ ಕೋಟು ತೊಟ್ಟ ತೋಳವೊಂದು ಮಾತೆತ್ತಿದರೆ ಬುಸ್ಸೆಂದು ಹೊಗೆ ಬಿಡುತ್ತಿತ್ತು.

ಹೆಂಡತಿ ಕರುಣಾ ನರ್ಸು. ಹಳ್ಳಿ ಹಳ್ಳಿ ತಿರುಗಿ "ತಂಬಾಕು ಬಿಡ್ರಿ" ಎಂದು ಹೇಳುವುದೇ ಅವಳ ಕೆಲಸ. ದೇವಾನಂದನೂ ಬಿಟ್ಟೆನೆಂದು ಮಗಳ ತಲೆ ಮುಟ್ಟಿ ಆಣೆ ಮಾಡಿದ್ದ. (ಆಣೆ ಮಾಡಿದ್ದು ಖರೆ, ಬಿಟ್ಟದ್ದು ಮಾತ್ರ ಸುಳ್ಳು.) ಮೊನ್ನೆ ವಾಡಿ ಸ್ಟೇಷನ್ನಿನ ಹೊರಗೆ ಕದ್ದು ಸೇದುವಾಗ ಲುಂಬಿನಿ ಪಿಳಿಪಿಳಿ ನೋಡಿದ್ದಳು. ಈಗ ತೋಳವನ್ನು ಕಂಡು ಅಪ್ಪ ನೆನಪಾಗಿ, ಅವ್ವನೆದುರು ಬಾಯಿ ಬಿಟ್ಟರೆ?

ಹೀಗಾಗಿ ಅವನು ಮನೆಯ ಸ್ವಯಂಘೋಷಿತ ಸೆನ್ಸಾರ್ ಮಂಡಳಿಯ ಅಧ್ಯಕ್ಷನಾದ. ಟವೆಲ್ ಹಿಡಿದು ಟಿವಿ ಪಕ್ಕ ನಿಂತ. ತೋಳ ಜೇಬಿಗೆ ಕೈ ಹಾಕಿತೋ, ಟವೆಲ್ ಅಡ್ಡ!

"ಬಾಜೂಕ ಸರಿ ಪಪ್ಪಾ! ಏನೂ ಕಾಣವಲ್ದು!"

"ಸಿಗರೇಟ್ ಭಾಳ ಕೆಟ್ಟದ್ದವಾ. ಬಂತಂದ್ರ ಟವೆಲ್ ಅಡ್ಡ ಹಿಡೀಬೇಕು. ಯಾರ ಕಣ್ಣಿಗೂ ಬೀಳಬಾರದು."

ಕರುಣಾ ಹಿಗ್ಗಿ ಹೀರೇಕಾಯಿಯಾದಳು. "ಎಷ್ಟ್ ಕಾಳಜಿ ಮಾಡ್ಲಿಕತ್ತೀರಿ! ಇವತ್ತ ಭಂಕೂರದಾಗ ಮಂದಿಗೆಲ್ಲ ನಿಮ್ದೇ ಹೇಳಿ ಬಂದೀನಿ. ನಮ್ಮನಿಯವ್ರನ್ನ ನೋಡಿ ಕಲೀರಿ ಅಂದೀನಿ!"

ದೇವಾನಂದ ಟವೆಲ್ ಮಡಚುತ್ತ ಲೆಕ್ಕ ಹಾಕಿದ. ಸಿಕ್ಕಿಬಿದ್ದರೆ ಇನ್ನು ಮನೆಯಲ್ಲಷ್ಟೇ ಅಲ್ಲ, ಭಂಕೂರದಲ್ಲೂ ಮಾನ ಹೋದಂತೆ. ಗಾಬರಿ ಹೆಚ್ಚಿದಷ್ಟೂ (ಏನು ಹೇಳುವುದು ಈ ದರಿದ್ರ ಚಟಕ್ಕೆ!) ಸೇದಬೇಕೆನ್ನಿಸುವುದೂ ಹೆಚ್ಚಿತು.

ರವಿವಾರ ಬೆಳಿಗ್ಗೆ ತಡೆಯಲಾರದೆ ಹಿತ್ತಲ ನೀರಿನ ಟಾಕಿಯ ಹಿಂದೆ ಕೂತು ಒಂದು ಹಚ್ಚಿದ. ಎರಡು ದಮ್ಮು ಎಳೆದಿದ್ದನೋ ಇಲ್ಲವೋ, ಒಗೆದ ಬಟ್ಟೆಯ ಬಕೆಟ್ ಹಿಡಿದು ಕರುಣಾ ಬಂದಳು. ಮುಂದೆ ಓಡಿ ಬಂದ ಲುಂಬಿನಿ ಟಾಕಿಯ ಹಿಂದೆ ಇಣುಕಿದಳು. ದೇವಾನಂದ ತುಟಿಗೆ ಬೆರಳಿಟ್ಟು ಕಣ್ಣಲ್ಲೇ ಬೇಡಿಕೊಂಡ. ಮಗಳು ಗಂಭೀರವಾಗಿ ತಲೆಯಾಡಿಸಿದಳು. ಅಬ್ಬಾ, ಜಾಣೆ, ಅರ್ಥವಾಯಿತು ಎಂದು ಅವನಿಗೆ ಹೋದ ಜೀವ ಬಂದಂತಾಯಿತು.

ಲುಂಬಿನಿ ಓಡಿಹೋಗಿ ಬಕೆಟ್ಟಿನಿಂದ ಒದ್ದೆ ಟವೆಲ್ ಎಳೆದು ತಂದು, ಅವನ ಮುಂದೆ ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಕೂಗಿದಳು:

"ಮಮ್ಮಿ, ಕಣ್ಣ್ ಮುಚ್ಕೋ! ಈ ಕಡಿ ನೋಡಬ್ಯಾಡ! ಸಿಗರೇಟ್ ಬಂದದ!"

ಟವೆಲಿನ ಮೇಲಿಂದ ಹೊಗೆ ಸಣ್ಣಗೆ ಏಳುತ್ತಿತ್ತು. ಕರುಣಾ ಬಕೆಟ್ ಕೆಳಗಿಟ್ಟಳು. ಸೆರಗು ಸಿಕ್ಕಿಸಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಆರಾಮಾಗಿ ಕೂತಳು.

"ಟವೆಲ್ ತೆಗಿ ಮಗಾ. ಈ ಸೀನ್ ನಾ ಪೂರಾ ನೋಡ್ತೀನಿ."