ಕಂಟಿನ್ಯೂ ಒತ್ತುವಂತಿಲ್ಲ

ನಿಯಮ ಒಂದೇ. ವಿಡಿಯೋ ಆಟದಲ್ಲಿ ಮೂರು ವಿಮಾನ ಕೊಡುತ್ತಾರೆ. ಮೂರೂ ಸುಟ್ಟುಹೋದರೆ ಪರದೆಯ ಮೇಲೆ ‘ಕಂಟಿನ್ಯೂ?’ ಎಂದು ಬರುತ್ತದೆ. ಆ ಗುಂಡಿ ಒತ್ತುವಂತಿಲ್ಲ. ಮತ್ತೆ ಮೊದಲಿಂದ ಆಡಬೇಕು. ಇಷ್ಟು ಸರಳ ನಿಯಮವನ್ನು ವಿದ್ಯಾವಂತರು, ವಯಸ್ಸಾದವರು ಹೇಗೆಲ್ಲ ಮುರಿಯುತ್ತಾರೆ ಎಂದು ಒಂದು ವರ್ಷದಿಂದ ನೋಡುತ್ತಿದ್ದೇನೆ. ಮುರಿದವರಲ್ಲಿ ನಾನೂ ಒಬ್ಬ.

ಕೆಂಪು ವಿಮಾನ

ನಾನು ಭದ್ರಾವತಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸುತ್ತೇನೆ. ಗೆರೆ ಅರ್ಧ ಮಿಲಿಮೀಟರ್ ಆಚೀಚೆ ಆದರೂ ಹಾಳೆ ವಾಪಸ್. ನಮ್ಮ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್ ಹಳೇ ಟಿವಿ, ಪ್ಲೈವುಡ್ ಸೇರಿಸಿ, ನಾವು ಚಿಕ್ಕವರಿದ್ದಾಗ ಅಂಗಡಿಗಳಲ್ಲಿ ಇರುತ್ತಿದ್ದಂಥ ವಿಮಾನಯುದ್ಧದ ಆಟದ ಪೆಟ್ಟಿಗೆ ಕಟ್ಟಿದ್ದ. “ಒಂದು ಕೈ ನೋಡಿ ಸಾರ್” ಎಂದ.

ಇಂಥವೆಲ್ಲ ಕಾಲಹರಣ ಎಂದು ಎಚ್ಚರಿಸಿಯೇ ಕುಳಿತೆ. ಪರದೆ ತುಂಬ ಗುಂಡಿನ ಮಳೆ. ನನ್ನ ಕೆಂಪು ವಿಮಾನ ಎಡಕ್ಕೆ, ಬಲಕ್ಕೆ ಗಂಭೀರವಾಗಿ ಓಡಾಡಿತು. ಒಂದು ಗುಂಡೂ ತಾಗಲಿಲ್ಲ.

“ನೋಡಯ್ಯ, ಶಿಸ್ತು ಅಂದ್ರೆ ಇದು.”

“ಸಾರ್, ಅದು ಶತ್ರುದು. ನಿಮ್ಮದು ಹೋಗಿ ಆಗ್ಲೇ ಎರಡು ನಿಮಿಷ ಆಯ್ತು.”

ಡಾಕ್ಟರ ವಾದ

ಆ ಅವಮಾನ ತಡೆಯಲಾಗಲಿಲ್ಲ. ಅಂಥದ್ದೇ ಇನ್ನೊಂದು ಪೆಟ್ಟಿಗೆ ಮಾಡಿಸಿ, ಗೂಡ್ಸ್ ಆಟೋದಲ್ಲಿ ಹಾಕಿ, ದಾರಿಯಲ್ಲಿ ಮಲವಗೊಪ್ಪದ ರಸ್ತೆ ಹಂಪು ಬಂದಾಗಲೆಲ್ಲ ಎರಡೂ ಕೈಯಲ್ಲಿ ತಬ್ಬಿಕೊಂಡು ವಿನೋಬನಗರದ ನಮ್ಮ ಮನೆಯ ಹಾಲಿಗೆ ತಂದೆ. ಮೇಲೆ ನಿಯಮ ಬರೆದು ಅಂಟಿಸಿದೆ.

ಮೊದಲು ಮುರಿದವನು ಗೋಪಾಳದಲ್ಲಿ ಕ್ಲಿನಿಕ್ ಇಟ್ಟಿರುವ ನನ್ನ ಬಾಲ್ಯದ ಗೆಳೆಯ. ಮೂರು ವಿಮಾನ ಕಳೆದುಕೊಂಡು, ನನ್ನೆದುರೇ ಗುಂಡಿ ಒತ್ತಿದ.

“ಏನು ಮಾರಾಯ ಇದು?”

“ಒಬ್ಬ ಪೇಷೆಂಟ್ ಹೋದ ಅಂತ ಕ್ಲಿನಿಕ್ ಬಾಗಿಲು ಹಾಕ್ತಾರೇನೋ?”

“ಹಾಕೋದಿಲ್ಲ. ಆದ್ರೆ ಹೋದವನನ್ನೇ ‘ನೆಕ್ಸ್ಟ್’ ಅಂತ ಒಳಗೆ ಕರೆಯೋದೂ ಇಲ್ಲ.”

ಕಾರಣ ಕೇಳಿ ನೋಟಿಸು

ಐದನೇ ಹಂತ ಕೊನೆಯದು. ಅಲ್ಲಿಗೆ ಮೊದಲ ಸಲ ತಲುಪಿದ ದಿನ ಮನೆಯಲ್ಲಿ ಯಾರೂ ಇರಲಿಲ್ಲ. ಮೂರನೇ ವಿಮಾನವೂ ಸುಟ್ಟಿತು. ಪರದೆ ಒಂಬತ್ತು, ಎಂಟು, ಏಳು ಎಂದು ಎಣಿಸತೊಡಗಿತು. ಎರಡು ಬರುವವರೆಗೆ ನಾನು ತತ್ವವಂತನಾಗಿದ್ದೆ. ಒತ್ತಿಬಿಟ್ಟೆ. ಹಿಂದಿನಿಂದ ಚೀಲ ಕೆಳಗಿಟ್ಟ ಸದ್ದು. ತರಕಾರಿಗೆ ಹೋಗಿದ್ದ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

ಮರುದಿನ ಕಾಲೇಜಿನಲ್ಲಿ ಊಟದ ಡಬ್ಬಿ ತೆರೆದರೆ ಚಪಾತಿಯ ಮೇಲೆ ಮಡಚಿದ ಚೀಟಿ: “ನಿಯಮೋಲ್ಲಂಘನೆಗಾಗಿ ನಿಮ್ಮ ವಿರುದ್ಧ ಏಕೆ ಕ್ರಮ ಕೈಗೊಳ್ಳಬಾರದು? ಸಂಜೆಯೊಳಗೆ ಲಿಖಿತ ಉತ್ತರ ಕೊಡತಕ್ಕದ್ದು. ತಪ್ಪಿದಲ್ಲಿ ಪಲ್ಯ ನಿಲ್ಲಿಸಲಾಗುವುದು.” ಆಗಲೇ ಡಬ್ಬಿಯಲ್ಲಿ ಪಲ್ಯ ಇರಲಿಲ್ಲ.

ಧಡಾರ್

ಕೊನೇ ಹಂತದ ಸಂಗೀತ ಮಾತ್ರ ನಿಜಕ್ಕೂ ಸಂಗೀತ. ಹೆಂಡತಿ ಪಿಟೀಲು ಕಲಿತವಳು. ಕೇಳಿಕೇಳಿ ಸ್ವರ ಬರೆದುಕೊಂಡಳು. “ರೀ, ಇದನ್ನ ಮಾಡಿದೋನು ಎಲ್ಲೂ ಉಸಿರೇ ಬಿಟ್ಟಿಲ್ಲ” ಎಂದಳು. ನಾಲ್ವರೂ ಸೇರಿ ಅದನ್ನು ನುಡಿಸತೊಡಗಿದೆವು: ಡಾಕ್ಟರ್ ಕೀಬೋರ್ಡ್, ಇನ್‌ಸ್ಟ್ರಕ್ಟರ್ ರಿದಂ ಪ್ಯಾಡ್, ಕಾನ್ವೆಂಟಿನಲ್ಲಿ ಕಲಿತ ಗಿಟಾರ್ ನನ್ನದು. ನಮ್ಮ ಬಡಾವಣೆ ಸಂಘದ ವಾರ್ಷಿಕೋತ್ಸವದಲ್ಲಿ ನುಡಿಸುತ್ತೇವೆ ಎಂದರೆ ಕಾರ್ಯದರ್ಶಿ ನಕ್ಕ. “ಮಕ್ಕಳ ಆಟದ ಪೀಪೀನ ಯಾರು ಕೇಳ್ತಾರೆ ಮಾರಾಯ್ರೆ? ಹೋಗ್ಲಿ, ಊಟಕ್ಕೆ ಮುಂಚೆ ನಾಲ್ಕು ನಿಮಿಷ ತಗೊಳ್ಳಿ. ಕೆಟ್ಟರೆ ಮುಂದಿನ ವರ್ಷದಿಂದ ಸ್ಟೇಜ್ ಕೇಳ್ಬೇಡಿ.” ನಗೆಪಾಟಲಾಗಬಾರದು ಎಂದು ನಾಲ್ಕು ತಿಂಗಳು ಅಭ್ಯಾಸ ಮಾಡಿದೆವು.

ನಾನು ಆಡುವಾಗಲೇ ಇನ್‌ಸ್ಟ್ರಕ್ಟರ್ ಮೊಬೈಲಿನಲ್ಲಿ ಮಾಡಿಕೊಂಡ ರೆಕಾರ್ಡಿಂಗ್ ನಮಗೆ ಆಧಾರ. ಒಂದು ದಿನ ಅವನನ್ನು ತರಾಟೆಗೆ ತೆಗೆದುಕೊಂಡೆ. “ಎರಡನೇ ನಿಮಿಷದಲ್ಲಿ ಆ ‘ಧಡಾರ್’ ಎಷ್ಟು ಚೆನ್ನಾಗಿದೆ! ನೀನು ಅದನ್ನ ಬಾರಿಸೋದೇ ಇಲ್ಲ. ಮೂಲಕ್ಕೆ ನಿಷ್ಠೆ ಬೇಡ್ವಾ?”

ಅವನು ತಲೆ ಕೆರೆದುಕೊಂಡ. “ಅದು ಸಂಗೀತ ಅಲ್ಲ ಸಾರ್. ಅಲ್ಲಿ ನೀವು ಸತ್ರಿ.”

ಊಟಕ್ಕೆ ಮುಂಚೆ

ವಾರ್ಷಿಕೋತ್ಸವದ ದಿನ ಪಕ್ಕದ ಊಟದ ಹಾಲಿನಿಂದ ಸಾರಿನ ಒಗ್ಗರಣೆ ವಾಸನೆ ಬರುತ್ತಿತ್ತು; ಅರ್ಧ ಜನ ಆಗಲೇ ಆ ಕಡೆ ತಿರುಗಿ ಕುಳಿತಿದ್ದರು. ಶುರುಮಾಡಿದೆವು. ಒಂದನೇ ನಿಮಿಷಕ್ಕೆ ಡಾಕ್ಟರ ಬೆರಳು ಜಾರಿತು. ಅವನು ಏನೂ ಆಗದವನಂತೆ ಮುಂದೆ ಹೋದ. ನಾವಿಬ್ಬರೂ ಅವನ ಹಿಂದೆ ಹೋದೆವು. ಪಿಟೀಲು ನಿಂತಿತು.

“ಮೊದಲಿಂದ” ಎಂದಳು ಹೆಂಡತಿ, ಮೈಕಿನಲ್ಲೇ.

ಎರಡನೇ ಸಲ ಎರಡೂವರೆ ನಿಮಿಷ ಕಳೆದಿತ್ತು. ಒಂದು ತಂತಿ ತಪ್ಪಿತು. ತಪ್ಪಿಸಿದವನು ನಾನೇ. ಯಾರಿಗೂ ಗೊತ್ತಾಗಿಲ್ಲವೆಂದು ಧೈರ್ಯವಾಗಿ ನುಡಿಸುತ್ತಿದ್ದೆ. ಪಿಟೀಲು ಮತ್ತೆ ನಿಂತಿತು. ಸಭೆಯಲ್ಲಿ ಗುಸುಗುಸು. ಕಾರ್ಯದರ್ಶಿ ಮೆಟ್ಟಿಲು ಹತ್ತಿ ಬಂದ.

“ಮೇಡಂ, ಎಲೆ ಹಾಕಿದಾರೆ. ಎಲ್ಲಿಗೆ ನಿಂತ್ರೋ ಅಲ್ಲಿಂದ್ಲೇ ಮುಗಿಸಿಬಿಡಿ.”

“ಆಗೋದಿಲ್ಲ ಸಾರ್. ನೀವು ಕೂತ್ಕೊಳ್ಳಿ.”

ಅವನು ಕೂತ. ಕೂತದ್ದು ವೇದಿಕೆಯ ಮೆಟ್ಟಿಲ ಮೇಲೆ.

ಮೂರನೇ ಸಲ ಆ ರಭಸಕ್ಕೆ ಗುಸುಗುಸು ನಿಂತಿತು. ಊಟದ ಹಾಲಿನ ಕಡೆ ತಿರುಗಿದ್ದವರು ಇತ್ತ ತಿರುಗಿದರು. ಒಂದು ಸ್ವರವೂ ಆಚೀಚೆ ಆಗಲಿಲ್ಲ. ಅರ್ಧ ಮಿಲಿಮೀಟರ್ ಕೂಡ. ಕೊನೆಯ ಪೆಟ್ಟು ಬಿದ್ದಾಗ ಬಡಿಸಲು ನಿಂತಿದ್ದವರೂ ಸೌಟು ಹಿಡಿದು ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿ ಮೈಕ್ ಕಿತ್ತುಕೊಂಡು, “ಒನ್ಸ್ ಮೋರ್! ಊಟ ಅರ್ಧ ಗಂಟೆ ತಡ ಆದ್ರೂ ಪರವಾಗಿಲ್ಲ!” ಎಂದು ಕೂಗಿದ. ಡಾಕ್ಟರ್ ಆಗಲೇ ಬೆರಳು ಸಿದ್ಧಮಾಡಿಕೊಂಡ. ನಾನೂ ಗಿಟಾರ್ ಎತ್ತಿಕೊಂಡು ಪಕ್ಕಕ್ಕೆ ನೋಡಿದೆ.

ಅವಳು ಆಟ ಗೆದ್ದು ಮುಗಿಸಿದವಳಂತೆ ಆಗಲೇ ಪಿಟೀಲನ್ನು ಪೆಟ್ಟಿಗೆಗೆ ಹಾಕಿ, ವೇದಿಕೆ ಇಳಿದು, ನೇರವಾಗಿ ಹೋಗಿ ಮೊದಲ ಪಂಕ್ತಿಯ ಮೊದಲ ಎಲೆಯ ಮುಂದೆ ಕುಳಿತು ಎಲೆಗೆ ನೀರು ಚಿಮುಕಿಸುತ್ತಿದ್ದಳು.