ಮೀಸೆಯ ಹಂಸ ಮತ್ತು ರಾಗಿ ಬಿಸ್ಕತ್ತು

ಚಟ ಅಂತ ಇದ್ದರೆ ಮರ್ಯಾದೆಯ ಚಟ ಇರಬೇಕು. ಇಸ್ಪೀಟಿನವನಿಗೆ ಜೊತೆಗಾರರಾದರೂ ಸಿಗುತ್ತಾರೆ, ಎಲೆಯಡಿಕೆಯವನಿಗೆ ನಮ್ಮ ಕೊಪ್ಪ ಪೇಟೆಗೆ ಪೇಟೆಯೇ ಜೊತೆ. ಆದರೆ ಐವತ್ತು ದಾಟಿದ, ಮೀಸೆ ನೆರೆತ ಡ್ರಾಯಿಂಗ್ ಮೇಷ್ಟ್ರೊಬ್ಬ ಬೇಕರಿಯ ಗಾಜಿನ ಮುಂದೆ ನಿಂತು ಹನಿ ಕೇಕನ್ನು ನೋಡುತ್ತಾ ಎಂಜಲು ನುಂಗುವುದು ಯಾವ ಲೆಕ್ಕಕ್ಕೂ ಬರುವ ಚಟವಲ್ಲ. ಕುಡುಕರನ್ನು ಕಂಡು ಅಯ್ಯೋ ಪಾಪ ಅನ್ನುವವರಿದ್ದಾರೆ. ನನ್ನನ್ನು ಕಂಡವರು "ಮಕ್ಕಳಿಗಾ ಮೇಷ್ಟ್ರೇ?" ಎಂದು ಕೇಳುತ್ತಿದ್ದರು. ನಾನೂ ಹೌದೆಂದು ತಲೆಯಾಡಿಸುತ್ತಿದ್ದೆ. ನಮಗಿರುವವಳು ಒಬ್ಬಳೇ ಮಗಳು, ಅವಳು ಮದುವೆಯಾಗಿ ತೀರ್ಥಹಳ್ಳಿ ಸೇರಿ ಎಷ್ಟೋ ಕಾಲವಾಗಿತ್ತು.

ಸಂಜೆ ಶಾಲೆಯ ಗಂಟೆ ಹೊಡೆದರೆ ಸಾಕು, ನನ್ನ ಕಾಲುಗಳು ತಾವಾಗಿಯೇ ಬಸ್‌ಸ್ಟ್ಯಾಂಡಿನ ಕಡೆ ತಿರುಗುತ್ತಿದ್ದವು. ಅಲ್ಲಿನ ಬೇಕರಿಯ ರಾಜಣ್ಣ ದೂರದಿಂದ ನನ್ನ ಕೊಡೆ ಕಂಡ ಕೂಡಲೇ ಕಾಗದದ ಮೇಲೆ ಹನಿ ಕೇಕು ಇಟ್ಟುಬಿಡುವನು. ಮೇಲೆ ಕೆಂಪು ಜಾಮು, ಅದರ ಮೇಲೆ ಕೊಬ್ಬರಿ ಪುಡಿ, ಒಳಗೆ ಪಾಕ ಕುಡಿದು ಮೆತ್ತಗಾದ ಮೈ. ಬಾಯಿಗಿಟ್ಟರೆ ಒಂಬತ್ತನೇ ಕ್ಲಾಸಿನ ಹುಡುಗರು ಬಿಡಿಸಿದ ಹೂದಾನಿಗಳನ್ನೆಲ್ಲ ಕ್ಷಮಿಸಿಬಿಡಬಹುದು ಅನ್ನಿಸುತ್ತಿತ್ತು. ಹೀಗೆ ಸುಖವಾಗಿದ್ದವನು, ಎರಡು ಸಾವಿರದ ಐದೋ ಆರೋ ಇರಬೇಕು, ಕಾಲು ಜೋಮು ಹಿಡಿಯುತ್ತದೆ ಎಂದು ಡಾಕ್ಟರ ಹತ್ತಿರ ಹೋದೆ. ಹೋಗಬಾರದಿತ್ತು. ಅವರು ರಕ್ತ ಪರೀಕ್ಷೆ ಮಾಡಿಸಿ, "ಶುಗರ್ ಬಾರ್ಡರ್‌ನಲ್ಲಿದೆ. ಎರಡು ತಿಂಗಳು ಸಿಹಿ ಬಿಟ್ಟು, ಸ್ವಲ್ಪ ನಡೆದಾಡಿ, ಮತ್ತೆ ಬನ್ನಿ. ಇಳಿಯದಿದ್ದರೆ ಮಾತ್ರೆ ಶುರು ಮಾಡೋಣ, ಆಮೇಲೆ ಅದು ಜೀವನಪೂರ್ತಿ" ಎಂದರು.

ನನ್ನ ಹೆಂಡತಿ ಸುಮಿತ್ರಾ ಅದರ ಮೇಲೆ ತನ್ನದೇ ತೀರ್ಪು ಕೊಟ್ಟಳು. "ಶುಗರ್ ಇಳಿದ್ರೆ ಭಾನುವಾರ ಒಂದು ಹನಿ ಕೇಕ್ ತಿನ್ನಿ, ನಾನು ಬೇಡ ಅನ್ನಲ್ಲ. ಇಳೀಲಿಲ್ಲ ಅಂದ್ರೆ ಮಾತ್ರ ಆ ಬೇಕರಿ ಬಾಗಿಲಿಗೆ ಈ ಜನ್ಮದಲ್ಲಿ ಹೋಗೋ ಹಾಗಿಲ್ಲ." ಅವಳು ಹೇಳಿದ್ದನ್ನು ಮಾಡುವವಳು. ನಾನು ಹೆದರಿದೆ. ಮಾತ್ರೆಗಲ್ಲ, ಹನಿ ಕೇಕಿಲ್ಲದೆ ಮುದುಕನಾಗಬೇಕಲ್ಲ ಎಂದು.

ಆದರೆ ಸಂಜೆ ಕಾಫಿಯ ಜೊತೆ ಏನಾದರೊಂದು ಬೇಕೇ ಬೇಕಲ್ಲ. ಟಿವಿಯಲ್ಲಿ ಯಾವಳೋ ಹೇಳಿದಳೆಂದು ಸುಮಿತ್ರಾ ಕುಕ್ಕರಿನ ತಳಕ್ಕೆ ಹೊಳೆಯ ಮರಳು ಸುರಿದು, ವಿಷಲ್ ತೆಗೆದು, ಅದನ್ನೇ ಓವನ್ ಮಾಡಿದಳು. ಮೊದಲು ಓಟ್ಸ್ ಕೇಕು ಬಂತು. ಅದು ನಮ್ಮ ದನದ ಹಟ್ಟಿಯ ಗೋಡೆಗೆ ಮೆತ್ತುವ ಮಣ್ಣಿನ ಹದದಲ್ಲಿತ್ತು. ಆಮೇಲೆ ಬಾಳೆಹಣ್ಣಿನ ಕೇಕು, ಅದರಲ್ಲಿ ಸ್ವಲ್ಪ ಮರಳೂ ಇತ್ತು. ಕೊನೆಗೆ ರಾಗಿ, ಬೆಲ್ಲದ ಒಂದು ಸಣ್ಣ ಚೂರು, ಏಲಕ್ಕಿ ಹಾಕಿದ ಬಿಸ್ಕತ್ತು. ಸಕ್ಕರೆ ಇಲ್ಲ, ಮೈದಾ ಇಲ್ಲ, ಡಾಲ್ಡಾ ಇಲ್ಲ. ಕಚ್ಚಲು ಅವಕಾಶವೂ ಇಲ್ಲ. ಮೊದಲ ಸಲ ಕಚ್ಚಿದಾಗ ಆದ ಶಬ್ದಕ್ಕೆ ಜಗಲಿಯಲ್ಲಿ ಮಲಗಿದ್ದ ಬೆಕ್ಕು ಎದ್ದು ಬೇರೆ ಕಡೆ ಹೋಯಿತು. ಕಾಫಿಯಲ್ಲಿ ಅದ್ದಿದೆ. ಕಾಫಿ ಆರಿತು, ಬಿಸ್ಕತ್ತು ಹಾಗೇ ಇತ್ತು. "ಎಂತ ರುಚಿ ನೋಡಿ, ಅಗಿದು ತಿನ್ನಬೇಕು ಅಷ್ಟೆ" ಎಂದಳು ಸುಮಿತ್ರಾ. ಅವಳಿಗೆ ಆ ಬಿಸ್ಕತ್ತಿನ ಮೇಲೆ ಅಪಾರ ಹೆಮ್ಮೆ.

ಇಷ್ಟರಲ್ಲಿ ನನಗೆ ಶುಗರ್ ಎಂಬ ಸುದ್ದಿ ಫೋನಿನಲ್ಲಿ ಮೂರು ತಾಲ್ಲೂಕು ಸುತ್ತಿತು. ನಮ್ಮ ಕಡೆ ಯಾರಿಗಾದರೂ ಹುಷಾರಿಲ್ಲ ಎಂದರೆ ನೋಡಿಕೊಂಡು ಬರುವುದು ಕ್ರಮ, ಬರಿಗೈಯಲ್ಲಿ ಹೋಗಬಾರದೆನ್ನುವುದು ಅದಕ್ಕಿಂತ ದೊಡ್ಡ ಕ್ರಮ. ಬಸ್ಸಿಳಿದವರಿಗೆ ಎದುರಿಗೇ ಕಾಣುವುದು ಯಾವುದು? ರಾಜಣ್ಣನ ಬೇಕರಿ! ಹೀಗಾಗಿ ನನಗೆ ಸಿಹಿ ತಿನ್ನಬಾರದು ಎಂದು ತಿಳಿದು ಮರುಗಿ ಬಂದವರೆಲ್ಲ ಕೈಯಲ್ಲಿ ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದು, ಕ್ರೀಂ ಬನ್ನು ಹಿಡಿದೇ ಬಂದರು. "ಛೆ, ಸಿಹಿ ಅಂದ್ರೆ ನಿಮಗೆ ಪ್ರಾಣ, ಹೀಗಾಗಬಾರದಿತ್ತು ಮಾರಾಯ್ರೆ" ಎನ್ನುತ್ತಾ ಪೊಟ್ಟಣವನ್ನು ನನ್ನ ಮಡಿಲಿಗೇ ಇಡುವರು. ಆರೋಗ್ಯವಾಗಿದ್ದಾಗ ಒಂದು ಹನಿ ಕೇಕಿಗೆ ಹೆಂಡತಿಯ ಕಣ್ಣು ತಪ್ಪಿಸುತ್ತಿದ್ದವನ ಮನೆಗೆ ಈಗ ಬೇಕರಿಯೇ ನಡೆದು ಬರುತ್ತಿತ್ತು. ಸುಮಿತ್ರಾ ಪೊಟ್ಟಣಗಳನ್ನೆಲ್ಲ ವಶಪಡಿಸಿಕೊಂಡು, ಬಂದವರಿಗೆ ರಾಗಿ ಬಿಸ್ಕತ್ತು ಕೊಡುತ್ತಿದ್ದಳು. ಒತ್ತಾಯಕ್ಕೆ ಇಲ್ಲ ಎನ್ನಲು ನಮ್ಮವರಿಗೆ ಬರುವುದಿಲ್ಲ. ಕೆನ್ನೆಯೊಳಗೆ ಬಿಸ್ಕತ್ತು ಇಟ್ಟುಕೊಂಡೇ ಬಸ್ಸು ಹತ್ತಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ಡಬ್ಬಿ ಬಂದದ್ದು ಇದೇ ಸಮಯದಲ್ಲಿ. ಶೆಟ್ಟಿಕೊಪ್ಪದ ನಾಗೇಂದ್ರ, ನನ್ನ ಹೆಂಡತಿಯ ತಂಗಿಯ ಗಂಡ, ಯಾವುದನ್ನೂ ಸಣ್ಣದಾಗಿ ಮಾಡುವವನಲ್ಲ. ರಾಜಣ್ಣನ ಅಂಗಡಿಯ ದೊಡ್ಡ ಪ್ಲಮ್ ಕೇಕನ್ನೇ ತಂದ. ಕೆಂಪು ರಿಬ್ಬನ್ನು ಕಟ್ಟಿದ ರಟ್ಟಿನ ಡಬ್ಬಿ, ಮುಚ್ಚಳದ ಮೇಲೆ ಬಿಳಿ ಹಂಸದ ಚಿತ್ರ. ಸುಮಿತ್ರಾ ಅದನ್ನು ಬೀರುವಿನ ಮೇಲಿಟ್ಟು ಹಾಲು ತರಲು ಹೋದಳು. ನಾನು ಕುರ್ಚಿ ಹಾಕಿ ಹತ್ತಿ ಡಬ್ಬಿಯನ್ನು ಇಳಿಸಿದೆ, ಮೂಸಿದೆ, ರಿಬ್ಬನ್ನು ಬಿಚ್ಚಲು ಧೈರ್ಯ ಸಾಲಲಿಲ್ಲ. ಆ ಸಂಕಟದಲ್ಲಿ ಕಿಸೆಯ ಪೆನ್ನು ತೆಗೆದು ಹಂಸಕ್ಕೊಂದು ಗಿರಿಜಾ ಮೀಸೆ ಬರೆದು, ಡಬ್ಬಿಯನ್ನು ಮೊದಲಿದ್ದಲ್ಲೇ ಇಟ್ಟೆ. ಮೀಸೆ ಚೆನ್ನಾಗಿಯೇ ಬಂದಿತ್ತು.

ಮಾರನೆಯ ಸಂಜೆ ನೋಡಿದರೆ ಡಬ್ಬಿ ಇಲ್ಲ. "ಶೃಂಗೇರಿ ಅತ್ತೆಗೆ ಮಂಡಿ ಆಪರೇಶನ್ ಆಗಿದೆಯಲ್ಲ, ನೋಡಿ ಬಂದೆ. ಬರಿಗೈಲಿ ಹೋಗೋಕಾಗ್ತದಾ?" ಎಂದಳು ಸುಮಿತ್ರಾ. ಅದುವರೆಗೆ ಈ ದೂರದ ಸಂಬಂಧದ ಅತ್ತೆಯ ಮಂಡಿಯ ಬಗ್ಗೆ ತಲೆ ಕೆಡಿಸಿಕೊಳ್ಳದವನು ಭಾನುವಾರ ಬೆಳಗ್ಗೆಯೇ ಶೃಂಗೇರಿ ಬಸ್ಸು ಹತ್ತಿದೆ. ಅತ್ತೆ ಸಂತೋಷದಿಂದ ಕಣ್ಣೊರೆಸಿಕೊಂಡರು. ನಾನು ಮಂಡಿ ನೋಡುವ ನೆವದಲ್ಲಿ ಮಂಚದ ಕೆಳಗೆ, ಕಪಾಟಿನ ಮೇಲೆ ಎಲ್ಲ ಕಣ್ಣಾಡಿಸಿದೆ. ಕೊನೆಗೆ ಬಾಯಿಬಿಟ್ಟೇ ಕೇಳಿದೆ. "ಅಯ್ಯೋ, ಅಷ್ಟು ಚಂದದ ಡಬ್ಬಿ, ಬಿಚ್ಚೋಕೆ ಮನಸ್ಸು ಬರಲಿಲ್ಲ ಮಾರಾಯ. ನಂಗೂ ಶುಗರ್ರು ಬೇರೆ. ಅಡ್ಡಗದ್ದೇಲಿ ಒಬ್ರು ಜಾರಿ ಬಿದ್ದು ಕಾಲು ಮುರ್ಕೊಂಡಿದ್ರು, ಅವರಿಗೆ ಕಳಿಸ್ದೆ" ಎಂದರು. ನನಗೆ ಸಕ್ಕರೆ ಇಲ್ಲದ ಕಾಫಿ ಕೊಟ್ಟರು.

ಅಡ್ಡಗದ್ದೆಯಲ್ಲಿ ಬಸ್ಸಿಳಿದು ಏರಿನ ದಾರಿಯಲ್ಲಿ ನಡೆದು, ಗುರುತೇ ಇಲ್ಲದವರ ಕಾಲಿನ ಬಗ್ಗೆ ಮರುಗಿದೆ. ಡಬ್ಬಿ ಅಲ್ಲಿಂದ ಬಾಳೆಹೊನ್ನೂರಿನ ಬಾಣಂತಿಯ ಮನೆಗೆ ಹೋಗಿತ್ತು. ಮುಂದಿನ ಭಾನುವಾರ ಬಾಳೆಹೊನ್ನೂರಿಗೆ ಹೋದೆ. ಮಗು ನನ್ನನ್ನು ನೋಡಿ ಅತ್ತಿತು. ನನಗೂ ಅಳು ಬರುವಂತಿತ್ತು, ಏಕೆಂದರೆ ಡಬ್ಬಿ ನರಸಿಂಹರಾಜಪುರದ ಹರ್ನಿಯಾ ರೋಗಿಯೊಬ್ಬರ ಪಾಲಾಗಿತ್ತು. ಎಲ್ಲ ಕಡೆಯೂ ಒಂದೇ ಮಾತು: ಚಂದದ ಡಬ್ಬಿ, ಬಿಚ್ಚಲಿಲ್ಲ, ಮನೆಯಲ್ಲಿ ಶುಗರ್. ಹಂಸಕ್ಕೆ ಮೀಸೆ ಇತ್ತೇ ಎಂದು ನಾನು ಕೇಳಿದಾಗ ಮಾತ್ರ ಜನ ನನ್ನನ್ನು ಒಂದು ಥರ ನೋಡಿ, ಕುಡಿಯಲು ಮಜ್ಜಿಗೆ ಕೊಡುತ್ತಿದ್ದರು. ಬಸ್ಸಿಲ್ಲದ ಕಡೆ ನಡೆದೆ, ಬಸ್ಸು ತಪ್ಪಿದಾಗ ಇನ್ನೂ ನಡೆದೆ. ಊರಿನಲ್ಲಿ ಮಾತ್ರ ನನಗೆ ಬಹಳ ಒಳ್ಳೆಯ ಹೆಸರು ಬಂತು. "ತನಗೇ ಹುಷಾರಿಲ್ಲದಿದ್ರೂ ಊರ ರೋಗಿಗಳನ್ನೆಲ್ಲ ನೋಡ್ಕೊಂಡು ಬರ್ತಾರಪ್ಪ" ಎಂದು ಹೊಗಳಿದರು. ನರಸಿಂಹರಾಜಪುರದ ಹರ್ನಿಯಾದವರು ಡಬ್ಬಿಯನ್ನು ಯಾರಿಗೆ ಕೊಟ್ಟೆವೆಂದೇ ಮರೆತಿದ್ದರು. ನನ್ನ ಬೇಟೆ ಅಲ್ಲಿಗೆ ನಿಂತಿತು.

ಎರಡು ತಿಂಗಳು ಕಳೆದು ರಕ್ತ ಕೊಟ್ಟೆ. ಡಾಕ್ಟರು ರಿಪೋರ್ಟು ನೋಡಿ, "ಭೇಷ್! ನಾರ್ಮಲ್ ಇದೆ. ಎಂತ ಮಾಡಿದ್ರಿ?" ಎಂದರು. "ನಡೆದೆ ಸಾರ್" ಎಂದೆ. ಏನನ್ನು ಹುಡುಕಿಕೊಂಡು ಎಂದು ಅವರು ಕೇಳಲಿಲ್ಲ.

ಅಭಿನಂದನೆ ಹೇಳಲು ನಾಗೇಂದ್ರ ಬಂದ. ಅವನ ಕೈಚೀಲದಿಂದ ಕೆಂಪು ರಿಬ್ಬನ್ನು ಇಣುಕಿತು. ಆಮೇಲೆ ಹಂಸ ಬಂತು. ಹಂಸಕ್ಕೆ ಗಿರಿಜಾ ಮೀಸೆ! "ನನ್ನ ಅಮ್ಮಂಗೆ ಜ್ವರ ಬಂದಾಗ ಯಾರೋ ತಂದದ್ದು, ನಾವು ಬಿಚ್ಚಲಿಲ್ಲ. ಕೊಪ್ಪದ ಬೇಕರಿದೇ, ಚೆನ್ನಾಗಿರ್ತದೆ ಭಾವ" ಎಂದ ಪುಣ್ಯಾತ್ಮ. ತಾನೇ ಕೊಂಡ ಡಬ್ಬಿ ಎಂಬ ಅರಿವೂ ಅವನಿಗಿರಲಿಲ್ಲ. ಇಷ್ಟು ದಿನಕ್ಕೆ ಕೇಕು ಬೂಷ್ಟು ಹಿಡಿದಿರುತ್ತದೆ ಎಂದು ಬುದ್ಧಿ ಹೇಳಿತು. ಬುದ್ಧಿಯ ಮಾತು ಕೇಳುವವನಾಗಿದ್ದರೆ ನಾನೇಕೆ ಅಡ್ಡಗದ್ದೆಯ ಏರು ಹತ್ತುತ್ತಿದ್ದೆ? ರಿಬ್ಬನ್ನು ಬಿಚ್ಚಿದೆ.

ಒಳಗೆ ಪ್ಲಮ್ ಕೇಕು ಇರಲಿಲ್ಲ. ಕಂದು ಬಣ್ಣದ ಪುಡಿ, ನಡುವೆ ಸಣ್ಣ ಸಣ್ಣ ಚೂರು, ಘಮ್ಮೆನ್ನುವ ಏಲಕ್ಕಿಯ ವಾಸನೆ. ನಾನು ಸುಮಿತ್ರಾಳ ಮುಖ ನೋಡಿದೆ. ಅವಳು ಗೋಡೆಯ ಕ್ಯಾಲೆಂಡರು ನೋಡಿದಳು. "ನೀವು ಕದ್ದು ತಿಂತೀರಿ ಅಂತ ಗೊತ್ತಿತ್ತು. ಅದಕ್ಕೇ ನಾಗೇಂದ್ರ ತಂದ ದಿನ ರಾತ್ರಿಯೇ ನನ್ನ ರಾಗಿ ಬಿಸ್ಕತ್ತು ತುಂಬಿಸಿ ಇಟ್ಟಿದ್ದೆ. ಅತ್ತೆಗೂ ಒಳ್ಳೆ ಪದಾರ್ಥ ಅಂತಲೇ ಕೊಟ್ಟೆ."

"ಹಾಗಾದ್ರೆ ಪ್ಲಮ್ ಕೇಕ್ ಎಲ್ಲಿ ಹೋಯ್ತು?"

"ನಂಗೇನು ಶುಗರ್ರಾ?" ಎಂದಳು.

ಸಿಟ್ಟಿಗೆ ಏನು ಮಾಡುವುದೆಂದು ತಿಳಿಯದೆ ಒಂದು ಚಮಚ ಪುಡಿಯನ್ನು ಬಾಯಿಗೆ ಹಾಕಿಕೊಂಡೆ. ಹಾಕಿಕೊಂಡವನು ಇನ್ನೊಂದು ಚಮಚ ತೆಗೆದೆ. ಕಲ್ಲಾಗಿದ್ದ ಬಿಸ್ಕತ್ತು ಮೂರು ತಾಲ್ಲೂಕಿನ ಗುಂಡಿಗಳಲ್ಲಿ ಎದ್ದುಬಿದ್ದು, ಬಸ್ಸಿನ ಹಿಂದಿನ ಸೀಟುಗಳಲ್ಲಿ ಕುಲುಕಿ, ಹುರಿದ ಹಿಟ್ಟಿನ ಹಾಗೆ ನಯವಾಗಿ, ಅಲ್ಲಲ್ಲಿ ಕುರುಕುರು ಎನ್ನುತ್ತಾ, ಬೆಲ್ಲವನ್ನೆಲ್ಲ ಬಿಟ್ಟುಕೊಟ್ಟಿತ್ತು. ಬಿಸಿ ಹಾಲು ಹಾಕಿಕೊಂಡು ಒಂದು ಬಟ್ಟಲು ತಿಂದೆ. ನಾಗೇಂದ್ರನೂ ತಿಂದ. ಭಾನುವಾರ ನನ್ನ ಹಕ್ಕಿನ ಹನಿ ಕೇಕು ತಿನ್ನಲು ರಾಜಣ್ಣನಲ್ಲಿಗೆ ಹೋದೆ. ಯಾಕೋ ಬರೀ ಸಿಹಿ ಅನ್ನಿಸಿತು. ಇದನ್ನು ಸುಮಿತ್ರಾಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಅವಳು ಮತ್ತೆ ಬಿಸ್ಕತ್ತು ಮಾಡಿದಳು. ಒರಳಿನಲ್ಲಿ ಕುಟ್ಟಿದರೆ ಹಿಟ್ಟಾಯಿತು, ಮಿಕ್ಸಿಗೆ ಹಾಕಿದರೆ ಮಿಕ್ಸಿ ಸುಟ್ಟಿತು. ಆ ಹದ ಬರಲೇ ಇಲ್ಲ. ಕೊನೆಗೆ ಹಂಸದ ಡಬ್ಬಿಗೇ ತುಂಬಿಸಿಕೊಂಡು ಭಾನುವಾರ ಬಸ್ಸು ಹತ್ತಿದೆ. ಹಿಂದಿನ ಚಕ್ರದ ಮೇಲಿನ ಸೀಟು, ತೊಡೆಯ ಮೇಲೆ ಡಬ್ಬಿ. "ಎಲ್ಲಿಗೆ ಮೇಷ್ಟ್ರೇ, ಯಾರಿಗೆ ಹುಷಾರಿಲ್ಲ?" ಎಂದ ಕಂಡಕ್ಟರು. "ಯಾರಿಗೂ ಇಲ್ಲ. ಸುಮ್ನೆ ಹೋಗಿ ಬರೋದು. ಸ್ವಲ್ಪ ಗುಂಡಿ ಇದ್ದಲ್ಲೇ ಓಡಿಸೋಕೆ ಹೇಳಿ" ಎಂದೆ. ಅವನು ನನಗೆ ಟಿಕೆಟ್ಟು ಕೊಟ್ಟು ಬೇಗ ಮುಂದೆ ಹೋದ. ಹೀಗೆ ವಾರಕ್ಕೊಂದು ಡಬ್ಬಿ ಬಿಸ್ಕತ್ತು ಹದಕ್ಕೆ ಬರುತ್ತಿತ್ತು, ನನ್ನ ಶುಗರ್ರೂ ಹದದಲ್ಲಿತ್ತು.

ಹೀಗಿರುವಾಗ ಒಂದು ದಿನ ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಒಂದು ಅರ್ಜಿ ಹಿಡಿದು ಮನೆಗೆ ಬಂದರು. ಗುಂಡಿ ಬಿದ್ದ ಬಸ್ಸಿನ ರಸ್ತೆಗೆ ಹೊಸದಾಗಿ ಡಾಂಬರು ಹಾಕಿಸಬೇಕೆಂದು ಊರವರೆಲ್ಲ ಸಹಿ ಮಾಡಿದ್ದರು. "ಬಸುರಿಯರು, ರೋಗಿಗಳು ಓಡಾಡೋ ದಾರಿ ಮಾರಾಯ್ರೆ. ನಿಮ್ಮಷ್ಟು ಆ ಬಸ್ಸಲ್ಲಿ ಕುಲುಕಾಡಿದವರು ಯಾರಿದ್ದಾರೆ? ನಿಮ್ಮ ಸಹಿ ಮೊದಲು ಬೇಕಿತ್ತು" ಎಂದರು. ನಿಜ, ನ್ಯಾಯವಾದ ಮಾತು. ನಾಚಿಕೆಯಿಂದ ಪೆನ್ನು ತೆಗೆದೆ. ಅಷ್ಟರಲ್ಲಿ ಒಳಗಿನಿಂದ ಬಿಸ್ಕತ್ತಿಗೆ ರಾಗಿ ಹುರಿಯುವ ಘಮ ಬಂತು. ನಾನು ಪೆನ್ನಿನ ಮುಚ್ಚಳ ಹಾಕಿ, "ಮಳೆಗಾಲ ಕಳೀಲಿ, ನೋಡೋಣ" ಎಂದೆ.